ದಿನಾಂಕವಿಲ್ಲದ ಸಾಕ್ಷಿ

ಅಮೀರ್‌ಪೇಟೆಯ ಕೋಚಿಂಗ್ ಸಂಸ್ಥೆಯೊಂದರ ಮೂರನೆಯ ಮಹಡಿಯಲ್ಲಿ, ವಾರವಿಡೀ ಹುಡುಗ ಹುಡುಗಿಯರು ಸಾಫ್ಟ್‌ವೇರ್ ಕಲಿಯುವ ಕೊಠಡಿಯಲ್ಲಿ, ಭಾನುವಾರ ಮಧ್ಯಾಹ್ನ ಕನ್ನಡ ಕ್ರೈಸ್ತರ ಸಣ್ಣದೊಂದು ಸಭೆ ಕೂಡುತ್ತದೆ. ಬಿಳಿಯ ಹಲಗೆಯ ಮೇಲೆ ಶನಿವಾರದ ಪಾಠ ಅರ್ಧ ಅಳಿಸಿ ಉಳಿದಿರುತ್ತದೆ. ಅದರ ಮುಂದೆ ನಿಂತು ಪಾಸ್ಟರರು ಪ್ರಸಂಗ ಮಾಡುತ್ತಾರೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ತಟ್ಟೆ ಹೊರಡುತ್ತದೆ. ಈ ಸಭೆಯಲ್ಲಿ ಯಾರೂ ಎದ್ದು ಮುಂದೆ ಹೋಗಿ ಮೊಣಕಾಲೂರುವುದಿಲ್ಲ. ತಟ್ಟೆಯೇ ಸಾಲುಗಳ ಉದ್ದಕ್ಕೂ ಕೈಯಿಂದ ಕೈಗೆ ಸಾಗುತ್ತದೆ. ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರು ರೊಟ್ಟಿಯ ತುಣುಕೊಂದನ್ನು ಮುರಿದುಕೊಂಡು ಪಕ್ಕದವರಿಗೆ ಕೊಡುತ್ತಾರೆ. ಪಡೆಯದವರು ತಟ್ಟೆಯನ್ನು ಹಿಡಿದು, ಏನನ್ನೂ ತೆಗೆದುಕೊಳ್ಳದೆ, ದಾಟಿಸುತ್ತಾರೆ. ನನ್ನ ಹೆಂಡತಿ ಮುರಿದುಕೊಳ್ಳುತ್ತಾಳೆ. ನಾನು ದಾಟಿಸುತ್ತೇನೆ. ಮದುವೆಯಾದಾಗಿನಿಂದಲೂ ಇದು ಹೀಗೆಯೇ ನಡೆದುಬಂದಿದೆ.

ಮೊದಲ ಸಲ ದಾಟಿಸಿದ್ದು ಯಾವಾಗ ಎಂಬುದನ್ನು ಗೊತ್ತುಮಾಡಲು ಪ್ರಯತ್ನಿಸಿದ್ದೇನೆ. ಸಭೆ ಆಗ ವಿಮಾನ ನಿಲ್ದಾಣದ ಬಳಿ, ಬೇಗಂಪೇಟೆಯ ಒಂದು ಶಾಲಾ ಕೊಠಡಿಯಲ್ಲಿ ಕೂಡುತ್ತಿತ್ತು. ವಿಮಾನವೊಂದು ಮಾಡಿನ ಮೇಲೆಯೇ ಇಳಿದಂತೆ ಸದ್ದು ಮಾಡಿದಾಗ ಅಂದಿನ ಪಾಸ್ಟರರು ಬೈಬಲಿನ ಪುಟದ ಮೇಲೆ ಬೆರಳಿಟ್ಟು ಸುಮ್ಮನೆ ಕಾಯುತ್ತಿದ್ದರು. ಹಾಗಾಗಿ ವಿಮಾನ ನಿಲ್ದಾಣ ಊರ ಹೊರಗಿನ ಶಂಶಾಬಾದಿಗೆ ಹೋಗುವ ಎಷ್ಟೋ ಮೊದಲಿನ ಸಂಗತಿಯಿದು, ಇಷ್ಟು ಖಚಿತ. ನನ್ನ ನೆನಪಿನಲ್ಲಿ ಅದು ಮಳೆಗಾಲ. ಆದರೆ ರೊಟ್ಟಿಯ ಹಿಂದೆಯೇ ಬಂದ ಬಟ್ಟಲಿನಲ್ಲಿ ಹಸಿ ದ್ರಾಕ್ಷಿಯ ರಸದ ವಾಸನೆಯಿತ್ತೆಂಬುದೂ ನೆನಪಿದೆ. ಇವೆರಡೂ ಒಟ್ಟಿಗೆ ನಿಜವಾಗಲಾರವು. ಹೆಂಡತಿಯನ್ನು ಕೇಳಿದೆ.

"ಮಳಿಗಾಲದಾಗ ದ್ರಾಕ್ಷಿ ಎಲ್ಲಿಂದ ಬರಬೇಕ್ರಿ? ಆವಾಗ ಒಣದ್ರಾಕ್ಷಿ ಕುದಿಸ್ತಿದ್ವಿ, ಮನಿಯೆಲ್ಲಾ ಪಾಯಸದ ವಾಸನಿ," ಎಂದಳು. "ಹಸಿ ವಾಸನಿ ಇತ್ತಂದ್ರ ಅದು ಬ್ಯಾಸಗಿ ಮುಂದ."

ಮಳೆಯನ್ನು ಬಿಟ್ಟುಕೊಟ್ಟೆ. ದ್ರಾಕ್ಷಿಯ ಸಾಕ್ಷ್ಯ ಹೆಚ್ಚು ಗಟ್ಟಿಯಾದುದು.

ನನ್ನ ವೃತ್ತಿಯೇ ಇಂಥದು. ಶಾಸನಗಳ ಕಾಲನಿರ್ಣಯ ಮಾಡುವುದರಲ್ಲಿ ದುಡಿಮೆಯ ವರ್ಷಗಳನ್ನೆಲ್ಲ ಕಳೆದೆ. ಕಲ್ಲಿನ ಮೇಲೆ ಶಕವರ್ಷ, ಮಾಸ, ತಿಥಿ, ವಾರ ಇರುತ್ತವೆ. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪಂಚಾಂಗದ ಗಣಿತದಿಂದ ಪರೀಕ್ಷಿಸಬೇಕು. ಎಷ್ಟೋ ಸಲ ಹೊಂದುವುದಿಲ್ಲ. ದಿನಾಂಕವೇ ಇಲ್ಲದ ಕಲ್ಲುಗಳೂ ಉಂಟು. ಅಂಥವುಗಳ ಕಾಲವನ್ನು ಅಕ್ಷರಗಳ ತಿರುವು ನೋಡಿ ಹೇಳುತ್ತೇವೆ. ಆಗ ಇಂಥ ಶತಮಾನ ಎನ್ನಬಹುದೇ ಹೊರತು ಇಂಥ ಸೋಮವಾರ ಎನ್ನಲಾಗದು. ಈ ಮಿತಿಯನ್ನು ಒಪ್ಪಿಕೊಂಡು ಬದುಕುವುದನ್ನು ಕಲಿತವನು ನಾನು. ಅದೇ ಮಿತಿ ನನ್ನ ಬದುಕಿನಲ್ಲೇ ಎದುರಾಗಿ ಅಡ್ಡ ನಿಲ್ಲುತ್ತದೆಂದು ಎಣಿಸಿರಲಿಲ್ಲ.

ನಮ್ಮದು ರಾಯಚೂರು ಕಡೆಯಿಂದ ಬಂದ ಮನೆತನ. ಅಜ್ಜನ ಕಾಲದಿಂದ ಎಲ್ಲರೂ ಸರಕಾರಿ ನೌಕರಿಯವರು. ಹೊರಗೆ ಉರ್ದು, ತೆಲುಗು, ಒಳಗೆ ಕನ್ನಡ ಮತ್ತು ನಿತ್ಯಪೂಜೆ. ಹೆಂಡತಿ ಬೀದರಿನ ಕ್ರೈಸ್ತ ಕುಟುಂಬದವಳು. ನಕಾಶೆ ತಯಾರಿಸುವ ಕಚೇರಿಯಲ್ಲಿದ್ದಳು. ಶಾಸನಗಳು ದೊರೆತ ಊರುಗಳನ್ನು ಗುರುತಿಸಿದ ನಕ್ಷೆಯೊಂದು ನನಗೆ ಬೇಕಾಗಿತ್ತು, ಅವಳು ಬರೆದುಕೊಟ್ಟಳು. ಎರಡು ಊರುಗಳನ್ನು ನಾನು ತಪ್ಪಾಗಿ ಹೇಳಿದ್ದೆ, ಅವಳು ಕೇಳದೆಯೇ ಸರಿಮಾಡಿದ್ದಳು. ಪರಿಚಯ ಅಲ್ಲಿಂದ ಬೆಳೆಯಿತು. ಎರಡೂ ಮನೆಯವರು ಬಹಳ ಕಾಲ ಒಪ್ಪಲಿಲ್ಲ; ಕೊನೆಗೆ ನನ್ನ ತಂದೆ ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಕೇಳಿದರು:

"ನಾಳೆ ನನ್ನ ಮಗನ್ನ ನಿಮ್ಮ ಗುಡಿಗೆ ಎಳಕೊಂಡು ಹೋಗ್ತೀಯೇನವಾ?"

"ಅವರಾಗೇ ಬಂದ್ರ ಬಾಗಿಲಾ ಹಾಕಂಗಿಲ್ಲ," ಎಂದಳು ಅವಳು. "ಬರ್ರಿ ಅಂತ ನಾ ಎಂದೂ ಕರಿಯಂಗಿಲ್ಲ. ಇದು ನನ್ನ ಮಾತು."

ತಂದೆ ನನ್ನ ಕಡೆ ತಿರುಗಿ, "ಹುಡುಗಿ ನಿನಗಿಂತ ಶಾಣ್ಯಾಕಿ ಅದಾಳ," ಎಂದು ಎದ್ದುಹೋದರು. ಅದೇ ಅವರ ಒಪ್ಪಿಗೆ.

ಆ ಮಾತನ್ನು ಅವಳು ನಡೆಸಿಕೊಂಡಳು. ಭಾನುವಾರ ಅವಳು ಹೊರಟರೆ ನಾನೂ ಜೊತೆಗೆ ಹೊರಡುತ್ತಿದ್ದೆ; ಮೊದಮೊದಲು ಅವಳಿಗಾಗಿ, ನಂತರ ಹಾಡುಗಳಿಗಾಗಿ, ಆಮೇಲೆ ಪ್ರಸಂಗದೊಂದಿಗೆ ಮನಸ್ಸಿನಲ್ಲೇ ವಾದ ಮಾಡುವ ಸುಖಕ್ಕಾಗಿ. ವಾದದ ಮುಖ್ಯ ವಿಷಯ ಪಾಪ. ನಾನು ಬೆಳೆದ ಮನೆಯಲ್ಲಿ ಪಾಪವೆಂದರೆ ಮಾಡಿದ ಒಂದು ಕೆಲಸ. ಅದರ ಫಲವನ್ನು ಮಾಡಿದವನೇ ಅನುಭವಿಸಿ ತೀರಿಸಬೇಕು. ಆ ನಿಷ್ಠುರತೆಯಲ್ಲಿ ನನಗೊಂದು ಘನತೆ ಕಾಣುತ್ತಿತ್ತು. ನನ್ನ ತಪ್ಪು ನನ್ನದು. ಇನ್ನೊಬ್ಬ ಅದನ್ನು ಹೊತ್ತನೆಂದರೆ ನನ್ನ ಸ್ವಾತಂತ್ರ್ಯವನ್ನೇ ನನ್ನಿಂದ ಕಸಿದುಕೊಂಡಂತೆ. ದಾರಿಯಲ್ಲಿ ಇದನ್ನೆಲ್ಲ ಅವಳಿಗೆ ವಿವರಿಸುತ್ತಿದ್ದೆ. ಅವಳು ಬಸ್ಸಿನ ನಂಬರು ನೋಡುತ್ತ, "ಹೊರಾಕ ಆಗತಿದ್ರ ಹೊರ್ರಿ. ಬ್ಯಾಡ ಅಂದವರು ಯಾರು?" ಎನ್ನುತ್ತಿದ್ದಳು.

ಆ ಉತ್ತರವನ್ನು ನಾನು ಬಹಳ ವರ್ಷ ಚೇಷ್ಟೆಯೆಂದೇ ತಿಳಿದಿದ್ದೆ. ಅವಳ ಸಭೆಯವರು ಪಾಪವೆಂದು ಕರೆಯುವುದು ಬರಿಯ ಕೆಲಸವನ್ನಲ್ಲ, ಬಿಡಲಾಗದ ಒಂದು ಹಿಡಿತವನ್ನು. ಬಿಡುಗಡೆಯೆನ್ನುವುದು ಮನಬಂದಂತೆ ನಡೆಯುವ ಹಕ್ಕನ್ನಲ್ಲ, ಆ ಹಿಡಿತ ಸಡಿಲುವುದನ್ನು. ಇದು ನನಗೆ ಅರ್ಥವಾದದ್ದು ಪ್ರಸಂಗದಿಂದಲ್ಲ.

ನಾನಿದ್ದ ಸಂಸ್ಥೆಯಲ್ಲಿ ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬರಿದ್ದರು. ಸವೆದುಹೋದ ವೀರಗಲ್ಲೊಂದರ ಸಾಲುಗಳನ್ನು ನಾನು ಬಹಳ ಕಷ್ಟಪಟ್ಟು ಓದಿ ಅವರಿಗೆ ತೋರಿಸಿದ್ದೆ. ಮರುವರ್ಷ ಆ ಓದು ಅವರ ಹೆಸರಿನಲ್ಲಿ ಅಚ್ಚಾಯಿತು. ಅಂದಿನಿಂದ ಅವರೊಡನೆ ಮಾತು ನಿಲ್ಲಿಸಿದೆ. ಅವರು ಚಹಾಕ್ಕೆ ಬರುವ ಹೊತ್ತಿಗೆ ನಾನು ಹೋಗುತ್ತಿರಲಿಲ್ಲ. ಅವರು ಕಟ್ಟಡದ ಮುಂದಿನ ಮೆಟ್ಟಿಲು ಹತ್ತಿದರೆ ನಾನು ಹಿಂದಿನದನ್ನು. ಅವರು ಭಾಷಣಕಾರರೆಂದು ತಿಳಿದರೆ ನನಗೆ ಆ ದಿನ ಜ್ವರ. ಅವರಂತೂ ಆರಾಮವಾಗಿ ಓಡಾಡಿಕೊಂಡಿದ್ದರು. ನನ್ನ ಚಹಾದ ಹೊತ್ತನ್ನು ಮಾತ್ರ ಅವರೇ ಗೊತ್ತುಮಾಡುತ್ತಿದ್ದರು. ನಿವೃತ್ತಿಯ ನಂತರವೂ, ಸಂತಾಪ ಸಭೆಯೊಂದರಲ್ಲಿ ಅವರನ್ನು ದೂರದಿಂದ ಕಂಡಾಗ, ಕುರ್ಚಿ ಬದಲಿಸಿ ಕುಳಿತೆ.

ಆಮೇಲೆ ಒಂದು ದಿನ ಅಮೀರ್‌ಪೇಟೆಯ ಮೆಟ್ರೋದಲ್ಲಿ, ಗಾಡಿ ಬದಲಿಸುವ ಜನರ ನೂಕಿನಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬರು ಓಲಾಡಿದರು. ಅವರ ತೋಳು ಹಿಡಿದೆ. ನೋಡಿದರೆ ಅವರೇ. ಒಟ್ಟಿಗೆ ಗಾಡಿ ಹತ್ತಿದೆವು. ಮೊಣಕಾಲಿನ ಬಗ್ಗೆ, ಕಣ್ಣಿನ ಪೊರೆಯ ಬಗ್ಗೆ, ಈ ಬೇಸಗೆಯಲ್ಲಿ ನಿದ್ರೆ ಬಾರದ್ದರ ಬಗ್ಗೆ ಮಾತಾಡಿದೆವು. ಅವರ ನಿಲ್ದಾಣ ಬಂತು, ಇಳಿದರು, ಬಾಗಿಲು ಮುಚ್ಚಿತು. ಆಗ ನನಗೆ ನೆನಪಾಯಿತು, ಇವರ ಮೇಲೆ ನನಗೆ ಸಿಟ್ಟು ಇರಬೇಕಾಗಿತ್ತಲ್ಲ! ಕನ್ನಡಕ ಹುಡುಕುವವನಂತೆ ಒಳಗೆಲ್ಲ ಹುಡುಕಿದೆ. ಇಟ್ಟ ಜಾಗದಲ್ಲಿ ಅದು ಇರಲಿಲ್ಲ.

ಅದನ್ನು ತೆಗೆದವರು ಯಾರು? ನಾನಂತೂ ಅಲ್ಲ, ಕ್ಷಮಿಸಬೇಕೆಂದು ನಾನು ಎಂದೂ ತೀರ್ಮಾನಿಸಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ನಾನು ಮಾಡದ ಕೆಲಸವೊಂದು ನನ್ನೊಳಗೆ ನಡೆದುಹೋಗಿತ್ತು. ನಾನು ಹೊರಲಾರದೆ ಹೊತ್ತಿದ್ದನ್ನು ಯಾರೋ ಇಳಿಸಿದ್ದರು, ಮತ್ತು ಅದರಿಂದ ನನ್ನ ಸ್ವಾತಂತ್ರ್ಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಇನ್ನು ಯಾವ ಮೆಟ್ಟಿಲನ್ನಾದರೂ ಹತ್ತಬಹುದಾಗಿತ್ತು. ಅರಿವಿಲ್ಲದೆ ಕ್ಷಮಿಸಲು ಸಾಧ್ಯವಾದರೆ, ಅರಿವಿಲ್ಲದೆ ಕ್ಷಮಿಸಲ್ಪಟ್ಟಿರಲೂ ಸಾಧ್ಯವಲ್ಲವೇ? ಈ ಪ್ರಶ್ನೆಯೊಂದಿಗೆ ಮನೆಗೆ ಬಂದೆ. ಅಂದಿನಿಂದ ಆ ತಟ್ಟೆಯನ್ನು ದಾಟಿಸುವುದು ಕಷ್ಟವಾಗತೊಡಗಿತು. ಅಷ್ಟು ವರ್ಷ ಹಗುರವಾಗಿದ್ದ ಸ್ಟೀಲಿನ ತಟ್ಟೆ ಭಾರವಾಯಿತು. ಅವಳ ಪಕ್ಕದಲ್ಲಿ ಕುಳಿತು ಒಂದು ತುಣುಕು ಮುರಿದುಕೊಳ್ಳಬೇಕೆಂಬ ಆಸೆ ವಾರದ ನಡುವೆಯೂ, ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗಲೂ, ಸುಮ್ಮನೆ ಬಂದು ಹೋಗುತ್ತಿತ್ತು.

ಹಾಗಾಗಿ ದೀಕ್ಷಾಸ್ನಾನ ಕೇಳಿದೆ. ಆರಾಧನೆ ಮುಗಿದ ಮೇಲೆ ಅದೇ ಕೊಠಡಿಯಲ್ಲಿ ಇಬ್ಬರು ನನ್ನನ್ನು ಕೂರಿಸಿಕೊಂಡರು. ಒಬ್ಬರು ಸಭೆಯ ಹಿರಿಯರು, ಕಲಬುರಗಿ ಕಡೆಯವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಇನ್ನೊಬ್ಬರು ನಮ್ಮ ಪಾಸ್ಟರ್. ಮಂಗಳೂರು ಕಡೆಯ ತರುಣ, ವಾರದ ಐದು ದಿನ ಐಟಿ ಕಂಪನಿಯಲ್ಲಿ ಕೆಲಸ. ಸಿಟ್ಟು ಕಾಣೆಯಾದ ಕಥೆಯನ್ನೆಲ್ಲ ಅವರಿಗೆ ಹೇಳಿ, ನನಗೆ ಕ್ಷಮೆಯಾದದ್ದರ ಗುರುತು ಅದೇ ಎಂದೆ.

"ಒಂದೇ ಸವಾಲು ಸರ್," ಎಂದರು ಹಿರಿಯರು. "ನಿಮ್ಮ ಪಾಪ ಕ್ಷಮಾ ಆದದ್ದು ಯಾವ ದಿನ?"

ಈ ಸಭೆಯ ಪದ್ಧತಿ ಇದು. ದೀಕ್ಷಾಸ್ನಾನ ಪಡೆಯುವವರು ನೀರಿನಲ್ಲಿ ನಿಂತು ಸಾಕ್ಷಿ ಹೇಳಬೇಕು. ಸಾಕ್ಷಿಯಲ್ಲಿ ಮನಸ್ಸು ತಿರುಗಿದ ದಿನವನ್ನು ಹೇಳಬೇಕು. ಎಲ್ಲರಿಗೂ ಒಂದೊಂದು ದಿನವಿದೆ. ಹಿರಿಯರದು ಗೂಡ್ಸ್ ಗಾಡಿ ಸಿಗ್ನಲ್ಲಿಗೆ ನಿಂತಿದ್ದಾಗ. ನನ್ನ ಹೆಂಡತಿಯದು ಬೀದರಿನ ಶಾಲಾ ಹಾಸ್ಟೆಲಿನಲ್ಲಿದ್ದಾಗ. ಪ್ರತಿ ವರ್ಷ ಆ ದಿನ ನಮ್ಮ ಮನೆಯಲ್ಲಿ ಗೋದಿ ಹುಗ್ಗಿ.

"ದಿನ ಗೊತ್ತಿಲ್ರಿ," ಎಂದೆ.

"ಅಂದಾಜು?"

"ಆ ಸಂತಾಪ ಸಭಾ ಆದ ಮ್ಯಾಲೆ, ಮೆಟ್ರೋದಾಗ ಅವರು ಭೆಟ್ಟಿ ಆಗೂದಕ್ಕ ಮೊದಲ. ಅದಕಿಂತ ಹೆಚ್ಚು ಹೇಳಿದ್ರ ಸುಳ್ಳಾಗತೈತಿ."

ಹಿರಿಯರು ಪಾಸ್ಟರರ ಮುಖ ನೋಡಿ ನಕ್ಕರು. "ಏನ್ ಸರ್ ನೀವು! ಸಾವಿರ ವರ್ಷದ ಹಿಂದಿನ ರಾಜಾ ಯಾವ ಅಮಾಸಿ ದಿನ ಭೂಮಿ ಕೊಟ್ಟ ಅಂತ ಹೇಳ್ತೀರಿ. ನಿಮ್ಮದು ನಿಮಗ ಮಾಲೂಮ್ ಇಲ್ಲ?"

"ಆ ರಾಜಾ ಕಲ್ಲಿನ ಮ್ಯಾಲೆ ಕೆತ್ತಿಸಿಟ್ಟಿದ್ದ. ನಾ ಕೆತ್ತಿಸಿಲ್ಲ."

"ಆ ಮೆಟ್ರೋ ದಿನವನ್ನೇ ಹೇಳಿಬಿಡಿ ಮಾರಾಯ್ರೆ," ಎಂದರು ಪಾಸ್ಟರ್. "ಅದು ಗೊತ್ತುಂಟಲ್ಲ?"

"ಅದು ನನಗೆ ತಿಳಿದ ದಿನ. ಆದ ದಿನ ಅಲ್ಲ."

"ಸರ್, ನಾ ಗಾರ್ಡ್," ಎಂದರು ಹಿರಿಯರು. "ಬಿಟ್ಟ ಟೈಮ್ ಇಲ್ಲದ ಗಾಡಿ ಬಂತು ಅಂತ ಹ್ಯಾಂಗ ಒಪ್ಪಲಿ?"

"ಪ್ಲಾಟ್‌ಫಾರ್ಮಿನ ಮ್ಯಾಲೆ ಬಂದು ನಿಂತೈತಲ್ರಿ ಗಾಡಿ."

"ಜವಾಬು ಜೋರ್ ಐತಿ," ಎಂದು ಅವರು ನನ್ನ ಭುಜ ತಟ್ಟಿದರು. "ಆದ್ರ ಕಾಯಿದೆ ಕಾಯಿದೆನೇ. ನೆನಪು ಮಾಡ್ಕೊಂಡು ಬರ್ರಿ, ನಾವು ಕಾಯ್ತೀವಿ."

ಒಂದು ದಿನವನ್ನು ಆರಿಸಿ ಹೇಳುವುದು ಎಷ್ಟು ಸುಲಭವಿತ್ತು! ಯಾವುದಾದರೂ ಈಸ್ಟರ್ ಭಾನುವಾರ ಹೇಳಿದ್ದರೆ ಎಲ್ಲರೂ ಸಂತೋಷಪಡುತ್ತಿದ್ದರು. ಆದರೆ ನನ್ನ ಅನುಭವದಲ್ಲಿ, ಎಲ್ಲವನ್ನೂ ಕೊರತೆಯಿಲ್ಲದೆ ಒದಗಿಸುವ ತಾಮ್ರಪಟವೇ ಮೊದಲು ಅನುಮಾನ ಹುಟ್ಟಿಸುತ್ತದೆ. ಕೂಟಶಾಸನ, ಅಂದರೆ ನಕಲಿ ಶಾಸನ, ಬರೆಯುವವನು ತಿಥಿ, ವಾರ, ನಕ್ಷತ್ರ ಯಾವುದನ್ನೂ ಬಿಡುವುದಿಲ್ಲ. ಕ್ಷಮೆಯ ಹೊಸ್ತಿಲನ್ನು ಒಂದು ಕೂಟಲೇಖದೊಂದಿಗೆ ದಾಟುವುದೇ?

ಮನೆಗೆ ಬಂದಾಗ ಹೆಂಡತಿ ಚವಳಿಕಾಯಿ ಸೋಸುತ್ತ ಕುಳಿತಿದ್ದಳು. "ಏನಂದ್ರು?" ಎಂದಳು.

"ದಿನ ಬೇಕಂತ. ನಿನ್ನಂಗ ನನಗೆಲ್ಲಿಂದ ಬರಬೇಕು ದಿನ?"

ಅವಳು ಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಂದಾ? ಹಾಸ್ಟೆಲಿನಾಗ ಟೀಚರು ಸಾಲಾಗಿ ಕೇಳಿಕೊಂತ ಬಂದ್ರು, ನಿನಗ ಯಾವಾಗ, ನಿನಗ ಯಾವಾಗ ಅಂತ. ನನ್ನ ಮುಂದಿನ ಹುಡುಗಿ ಇವತ್ತs ಅಂದ್ಲು. ಅಕಿಗೆ ಟೀಚರು ಗಟ್ಟಿಯಾಗಿ ಅಪ್ಪಿಕೊಂಡ್ರು. ನನಗ ಹೊಟ್ಟಿಕಿಚ್ಚಾತು. ನನಗೂ ಇವತ್ತs ಅಂದೆ."

ನಾನು ಅವಳೆದುರು ಕುಳಿತುಕೊಂಡೆ. "ಮತ್ತ ಪ್ರತಿ ವರ್ಷದ ಹುಗ್ಗಿ?"

"ಹುಗ್ಗಿ ಖರೇನ ಇತ್ತಲ್ಲರಿ. ಎರಡೆರಡು ಸಲ ಹಾಕಿಸ್ಕೊಂಡು ಉಂಡೀರಿ."

"ಹಂಗಾದ್ರ ನಿನಗ ಖರೇ ಆದದ್ದು ಯಾವಾಗ?"

"ಕೂಸು ಯಾವ ದಿನ ಮಾತು ಕಲೀತು ಅಂತ ಯಾರಿಗೆ ಗೊತ್ತಿರತೈತಿ? ಒಂದು ದಿನ ನೋಡಿದ್ರ ಮಾತಾಡಾಕತ್ತಿರತೈತಿ."

ಆಗ ನಾನು ಬಹುಕಾಲದಿಂದ ಒಳಗಿಟ್ಟುಕೊಂಡಿದ್ದನ್ನು ಕೇಳಿದೆ. ಇಷ್ಟು ವರ್ಷ ತಟ್ಟೆ ನನ್ನ ಕೈ ದಾಟಿ ಹೋಗುವುದನ್ನು ಪಕ್ಕದಲ್ಲೇ ಕುಳಿತು ನೋಡಿದಳಲ್ಲ, ಒಮ್ಮೆಯಾದರೂ ಕರೆಯಬೇಕೆನ್ನಿಸಲಿಲ್ಲವೇ? ಕರೆಯದಿರುವುದನ್ನು ನಾನು ಮೊದಲು ಸೌಜನ್ಯವೆಂದುಕೊಂಡಿದ್ದೆ. ಇತ್ತೀಚೆಗೆ ಅದು, ನಾನು ಬಂದರೂ ಬರದಿದ್ದರೂ ಅವಳಿಗೆ ಒಂದೇ ಎಂಬಂತೆ ಕಾಣುತ್ತಿತ್ತು.

"ಕರದಿದ್ರ ನೀವು ಹೂಂ ಅಂತಿದ್ರಿ," ಎಂದಳು. "ನನಗಾಗಿ ಹೂಂ ಅಂತಿದ್ರಿ. ಅದು ನನಗ ಬ್ಯಾಡಾಗಿತ್ತು." ಮತ್ತೆ ಹೇಳಿದಳು: "ತಟ್ಟಿ ನಿಮ್ಮ ಕೈಗೆ ಕೊಟ್ಟ ಮ್ಯಾಲೆ ಲಗೂನ ಬಿಡ್ತಿದ್ದಿಲ್ಲ ನಾನು. ಒಂದು ತುಸು ಹಿಡಕೊಂಡಿರ್ತಿದ್ದೆ. ಗೊತ್ತಿಲ್ಲೇನು ನಿಮಗ?"

ಗೊತ್ತಿರಲಿಲ್ಲ. ಇಷ್ಟೆಲ್ಲ ತಾಳೆ ನೋಡುವ ನಾನು ಅದನ್ನು ಗಮನಿಸಿರಲಿಲ್ಲ. ತಟ್ಟೆಯ ಇನ್ನೊಂದು ಅಂಚಿನಲ್ಲಿ ನನ್ನ ಬಯಕೆಗಿಂತ ಎಷ್ಟೋ ಹಳೆಯದಾದ ಒಂದು ಬಯಕೆಯಿತ್ತು, ಮತ್ತು ಅದು ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡಿತ್ತು.

"ನಮ್ಮಪ್ಪ ಹೋಗಿ ಎಷ್ಟು ವರ್ಷಾತು," ಎಂದೆ. "ಇನ್ನೂ ಯಾಕ ಆ ಮಾತು?"

"ಕೇಳಿದವರು ಅವರು. ಕೊಟ್ಟಿದ್ದು ನಿಮಗ."

"ಹಂಗಾದ್ರ ನಾನs ಬಿಟ್ಟುಕೊಟ್ಟೆ. ಇನ್ನ ಆ ಮಾತು ನಿನ್ನ ಮ್ಯಾಲಿಲ್ಲ."

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. ತಮಾಷೆ ಮಾಡುವಳೆಂದು ನಾನು ಕಾದೆ, ಮಾಡಲಿಲ್ಲ. "ಬರ್ರಿ," ಎಂದಳು. "ನೀವು ಬರ್ರಿ. ನನಗ ಭಾಳ ಬೇಕಾಗೇತಿ."

"ಹೂಂ," ಎಂದೆ.

"ನನಗಾಗಿ ಏನು?"

ಸುಳ್ಳು ಹೇಳಲಾಗಲಿಲ್ಲ. "ನಿನಗಾಗಿನೂ ಹೌದು. ಎಷ್ಟು ನಿನಗ, ಎಷ್ಟು ದೇವರಿಗೆ ಅಂತ ಬ್ಯಾರೆ ಮಾಡಾಕ ನನಗ ಬರೂದಿಲ್ಲ."

"ಇರಲಿ," ಎಂದಳು ಅವಳು. "ಅದನ್ನೂ ಅವನs ನೋಡಿಕೊಳ್ತಾನ."

ಮುಂದಿನ ತಿಂಗಳ ಮೊದಲ ಭಾನುವಾರ, ತಟ್ಟೆ ಹೊರಡುವ ಮೊದಲು, ಬಯಸಿದವರು ಸಾಕ್ಷಿ ಹೇಳುವ ಹೊತ್ತಿನಲ್ಲಿ ಅವಳು ಎದ್ದು ನಿಂತಳು. ನನಗೆ ಮುಂಚೆ ಹೇಳಿರಲಿಲ್ಲ. ನನ್ನ ಸುದ್ದಿಯನ್ನೇ ತೆಗೆಯಲಿಲ್ಲ. ಹಾಸ್ಟೆಲಿನ ಆ ದಿನವನ್ನು ತಾನು ಹೊಟ್ಟೆಕಿಚ್ಚಿನಿಂದ ಹೇಳಿದ್ದೆಂದೂ, ತನಗೆ ಕ್ಷಮೆಯಾದ ದಿನ ತನಗೇ ತಿಳಿಯದೆಂದೂ, ಆದರೆ ಆಗಿರುವುದು ನಿಜವೆಂದೂ, ಬೇಕಿಲ್ಲದ ಆ ತಾರೀಖನ್ನು ಇನ್ನು ಹೊತ್ತು ತಿರುಗುವ ಮನಸ್ಸಿಲ್ಲವೆಂದೂ ಹೇಳಿ ಕುಳಿತಳು.

"ಅಕ್ಕಾರ, ನೀವೂ?" ಎಂದರು ಹಿರಿಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಂಬಿದ ಗಡಿಯಾರ ನಿಂತುಹೋದವರ ಗಾಬರಿಯಿತ್ತು.

ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು, "ನಂದೂ ಹಂಗs ಐತಪ್ಪಾ," ಎಂದರು. "ಯಾವುದೋ ಒಂದು ಮಂಗಳವಾರ ಹೇಳೀನಿ. ಈಗ ಯಾವುದಂತ ನನಗೂ ನೆನಪಿಲ್ಲ."

ಪಾಸ್ಟರ್ ನಗುವನ್ನು ತಡೆಯಲು ಹಲಗೆಯ ಕಡೆ ತಿರುಗಿದರು. ಹಿರಿಯರು ಮಾತ್ರ, "ನಂದು ಖರೇ ಐತಿ, ಗಾಡಿ ಸಿಗ್ನಲ್ಲಿಗೆ ನಿಂತಿತ್ತು," ಎಂದರು. ಅವರದನ್ನು ಯಾರೂ ಸಂಶಯಿಸಿರಲಿಲ್ಲ. ನಾನಂತೂ ಸಂಶಯಿಸಲೇ ಇಲ್ಲ, ಅಂಥ ದಿನಗಳೂ ಇರುತ್ತವೆ, ಅವುಗಳನ್ನು ಪಡೆದವರ ಬಗ್ಗೆ ನನಗೆ ಇಂದಿಗೂ ಅಸೂಯೆಯಿದೆ.

ಆ ದಿನವೂ ತಟ್ಟೆಯನ್ನು ದಾಟಿಸಿದೆ. ಆರಾಧನೆಯ ನಂತರ ಹಿರಿಯರು ಮೆಟ್ಟಿಲ ಬಳಿ ನನ್ನನ್ನು ತಡೆದರು. "ನೀರಾಗ ನಿಂತು ಏನು ಹೇಳ್ತೀರಿ?"

"ದಿನ ಗೊತ್ತಿಲ್ಲ, ಆಗೇತಿ ಅಂತ ಹೇಳ್ತೀನಿ."

"ಅಷ್ಟs?"

"ಅಷ್ಟs."

ಅವರು ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದರು. ಕೆಳಗೆ ರಸ್ತೆಯ ಗದ್ದಲಕ್ಕೆ ಸೇರುವ ಮುನ್ನ, "ಹೇಳ್ರಿ ಹಂಗಾದ್ರ," ಎಂದರು.

ಆದರೆ ನೀರಿಲ್ಲ. ನಮ್ಮ ಸಭೆಯವರು ದೀಕ್ಷಾಸ್ನಾನ ಮಾಡಿಸುವುದು ಶಂಶಾಬಾದಿನ ಆಚೆ, ಪರಿಚಯದವರ ತೋಟದ ಸಿಮೆಂಟು ತೊಟ್ಟಿಯಲ್ಲಿ. ಈ ಬೇಸಗೆಯಲ್ಲಿ ಅಲ್ಲಿನ ಬೋರ್‌ವೆಲ್ ಬತ್ತಿದೆ. ಟ್ಯಾಂಕರ್ ತರಿಸೋಣವೆಂದು ಪಾಸ್ಟರ್ ಹೇಳಿದರು. ತೋಟದ ಗಿಡಗಳೇ ಒಣಗುತ್ತಿರುವಾಗ ನಾನು ಮುಳುಗಿ ಏಳಲು ನೀರು ತರಿಸುವುದು ನನಗೂ ನನ್ನ ಹೆಂಡತಿಗೂ ಸರಿಕಾಣಲಿಲ್ಲ. ಮಳೆ ಬರಲಿ ಎಂದೆವು. ಇದನ್ನು ಬರೆಯುವಾಗ ಮೃಗಶಿರೆ ಮಳೆ ಇನ್ನೂ ಕಾಲಿಟ್ಟಿಲ್ಲ. ಹಿಂದಿನ ಮಳೆಗಳ ಆಗಮನವನ್ನು ದಾಖಲೆಗಳಿಂದ ಹೇಳಬಲ್ಲೆ; ಈ ವರ್ಷದ್ದನ್ನು ಯಾವ ದಾಖಲೆಯೂ ಹೇಳದು. ಭಾನುವಾರ ಭಾನುವಾರ ಹಿರಿಯರನ್ನು ಕೇಳುತ್ತೇನೆ, ತೊಟ್ಟಿಗೆ ನೀರು ಬಂತೇ ಎಂದು.

"ಇಷ್ಟು ವರ್ಷ ಸುಮ್ಮ ಕುಂತಿದ್ರಿ," ಎಂದರು ಅವರು ಮೊನ್ನೆ. "ಈಗ ಭಾಳ ಅವಸರ ಆತೇನ್ ಸರ್?"

"ಹೌದ್ರಿ," ಎಂದೆ. "ಭಾಳ."